ಗಾಜಿನೊಳಗೆ ನಿಂತ ಸೊಸೆ

ಆ ಊರಿನಲ್ಲಿ ಅವಳನ್ನು ನೋಡದವರೆಂದರೆ ಜನ್ಮದಲ್ಲಿ ಬಟ್ಟೆ ಕೊಳ್ಳದವರು ಮಾತ್ರ. ದೊಡ್ಡ ರಸ್ತೆಯ ಆ ತುದಿಯಿಂದ ಈ ತುದಿಯವರೆಗೆ, ಯಾವ ಬಟ್ಟೆ ಅಂಗಡಿಯ ಗಾಜಿನ ಹಿಂದೆ ಇಣುಕಿದರೂ ಅವಳೇ. ಒಂದು ಕಡೆ ಉಣ್ಣೆಯ ಕೋಟು ತೊಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದಳು. ಪಕ್ಕದ ಅಂಗಡಿಯಲ್ಲಿ ಈಜುವ ಉಡುಪು ತೊಟ್ಟು, ಅದೇ ಸೊಂಟ, ಅದೇ ಕೈ, ನಾಚಿಕೆಯ ಲವಲೇಶವಿಲ್ಲ. ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಂತೂ ಅವಳ ಒಂದು ದಂಡೇ ಇತ್ತು. ಬಸ್ಸಿಗೆ ಕಾಯುವ ಗಂಡಸರು ಅವಳನ್ನು ನೋಡುತ್ತ ನೋಡುತ್ತ ಬಸ್ಸು ತಪ್ಪಿಸಿಕೊಂಡು, ತಡವಾಗಿ ಮನೆಗೆ ಹೋಗಿ ಬೈಸಿಕೊಂಡು, ಆ ಊರಿನ ಗಂಡ ಹೆಂಡಿರ ಜಗಳಗಳಲ್ಲಿ ಮುಕ್ಕಾಲು ಪಾಲು ಅವಳಿಂದಲೇ ಹುಟ್ಟಿದ್ದು ಎಂದರೆ ನಂಬದವರಿರಬಹುದು. ನಂಬದವರು ಆ ನಿಲ್ದಾಣದಲ್ಲಿ ಬಸ್ಸಿಗೆ ಕಾದಿಲ್ಲ, ಅಷ್ಟೇ.

ಇಷ್ಟಾಗಿಯೂ ಅವಳು ರಸ್ತೆಯಲ್ಲಿ ನಡೆದು ಹೋದರೆ ಗುರುತಿಸುವವರು ಒಬ್ಬರೂ ಇರಲಿಲ್ಲ. ಯಾಕೆಂದರೆ ಗಾಜಿನೊಳಗಿನವಳದ್ದು ಕತ್ತಿನಿಂದ ಕೆಳಗೆ ಮಾತ್ರ ಅವಳ ಮೈ. ಮುಖ ಅತ್ತೆಯ ಕಲ್ಪನೆ.

ಅತ್ತೆಗೆ ಬಟ್ಟೆ ಅಂಗಡಿಯ ಗೊಂಬೆಗಳನ್ನು ಮಾಡುವ ಕಾರ್ಖಾನೆಯಿತ್ತು. ಕಾರ್ಖಾನೆಯೆಂದರೆ ಮನೆಯ ಹಿಂದಿನ ಉದ್ದನೆಯ ಶೆಡ್ಡು. ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ರಾಳದ ವಾಸನೆ ಬಡಿಯುತ್ತಿತ್ತು, ಆಮೇಲೆ ಕಣ್ಣಿಗೆ ಕೈಗಳ ರಾಶಿ, ಕಾಲುಗಳ ರಾಶಿ, ಮೊಳೆಗೆ ನೇತುಹಾಕಿದ ತಲೆಗಳು. ಹೊಸದಾಗಿ ಬಂದ ಅಂಚೆಯವನೊಬ್ಬ ಕಿಟಕಿಯಿಂದ ಇಣುಕಿ ಚೀಲವನ್ನು ಅಲ್ಲೇ ಎಸೆದು ಓಡಿದವನು ಇನ್ನೂ ಓಡುತ್ತಿದ್ದಾನೆ ಎನ್ನುತ್ತಾರೆ. ಆ ಮನೆಯಲ್ಲಿ ಗೊಂಬೆಗಳನ್ನು ಗೊಂಬೆಗಳೆಂದು ಯಾರೂ ಕರೆಯುತ್ತಿರಲಿಲ್ಲ. ‘ಹುಡುಗಿಯರು’ ಎನ್ನುತ್ತಿದ್ದರು. ‘ಹುಡುಗಿಯರಿಗೆ ಬಣ್ಣ ಒಣಗಿತೇನೋ?’ ‘ಒಬ್ಬಳ ಕಿರುಬೆರಳು ಮುರಿದಿದೆ ಅಮ್ಮ.’ ಹೀಗೆ.

ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಹುಬ್ಬು ಬರೆಯುವ ಕೆಲಸಕ್ಕೆ ಕೂತಿದ್ದಳು. ಒಂದು ದಿನ ಅತ್ತೆ ದೂರದಿಂದ ಅವಳನ್ನು ನೋಡಿ, ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ, ‘ಏ ಹುಡುಗಿ, ಎದ್ದು ನಿಲ್ಲು’ ಎಂದಿದ್ದಳು. ಅಷ್ಟೇ. ಅದೇ ವಾರ ಬಾಗಿಲು ಹಾಕಿಕೊಂಡು, ಅವಳ ಮೈಮೇಲೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದಳು. ಆ ಅಚ್ಚಿನಿಂದ ಹುಟ್ಟಿದ ಹುಡುಗಿಯರನ್ನು ಅಂಗಡಿಯವರು ಬಾಚಿಕೊಂಡು ಹೋದರು. ಅದಕ್ಕೆ ಮೊದಲು ಅತ್ತೆಯ ಹುಡುಗಿಯರೆಲ್ಲ ನೆಟ್ಟಗೆ, ಒನಕೆಯ ಹಾಗೆ ಇರುತ್ತಿದ್ದರಂತೆ; ಅವರ ಮೇಲೆ ಯಾವ ಬಟ್ಟೆ ಹಾಕಿದರೂ ಒಣಹಾಕಿದ ಹಾಗೆ ಕಾಣುತ್ತಿತ್ತಂತೆ.

ಇದೆಲ್ಲ ಕೂಸು ಹುಟ್ಟುವ ಮುಂಚಿನ ಮಾತು.

ಈಗ ಸೊಸೆ ಮಗಳನ್ನು ಹೆಗಲಿಗೆ ಹಾಕಿಕೊಂಡು ಔಷಧಿ ಅಂಗಡಿಗೆಂದು ಹೊರಟರೆ, ದೊಡ್ಡ ರಸ್ತೆ ಬಿಟ್ಟು ಹಿಂದಿನ ಗಲ್ಲಿಯಲ್ಲಿ ಹೋಗುತ್ತಿದ್ದಳು. ಗಲ್ಲಿಯಲ್ಲಿ ಚರಂಡಿ, ನಾಯಿ, ಕಸದ ತೊಟ್ಟಿ ಎಲ್ಲ ಇದ್ದವು, ಗಾಜು ಇರಲಿಲ್ಲ. ಒಮ್ಮೆ ರಸ್ತೆ ಅಗೆದಿದ್ದರಿಂದ ದೊಡ್ಡ ರಸ್ತೆಗೇ ಬರಬೇಕಾಯಿತು. ಬೇಡ ಬೇಡ ಎಂದುಕೊಂಡೇ ತಲೆಯೆತ್ತಿದಳು. ಗಾಜಿನೊಳಗೆ ಹಳೆಯ ಅವಳು ಬಿಗಿ ಗೌನು ತೊಟ್ಟು ನಿಂತಿದ್ದಳು. ಅದೇ ಗಾಜಿನ ಮೇಲೆ ಈಗಿನ ಅವಳ ನೆರಳೂ ಬಿದ್ದಿತ್ತು: ಸಡಿಲ ಅಂಗಿ, ಹೆಗಲ ಮೇಲೆ ಕೂಸು ಕಕ್ಕಿದ ಹಾಲಿನ ಕಲೆ, ಕೂದಲು ಉದುರಿ ಅಗಲವಾದ ಹಣೆ. ಈ ನೆರಳು ಆ ಮೈಯ ಮೇಲೆ ಕೂರಲಿಲ್ಲ. ಎಲ್ಲ ಕಡೆಯಿಂದಲೂ ಹೊರಗೆ ಚೆಲ್ಲಿತ್ತು.

ಅವಳು ಬಿರಬಿರನೆ ಮನೆಯ ಕಡೆ ತಿರುಗಿದಳು.

ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ನೋಡಿಕೊಂಡಳು. ಹೊಟ್ಟೆ ಹಿಟ್ಟು ನಾದಿ ಮುಚ್ಚಿಡುವುದನ್ನು ಮರೆತಂತೆ. ಅದರ ಮೇಲೆ ಎಳೆಎಳೆಯಾಗಿ ಬೆಳ್ಳಿ ಗೆರೆಗಳು. ಪಾದ ಕೂಡ ಬೆಳೆದಿತ್ತು. ಮದುವೆಯ ಚಪ್ಪಲಿಗೆ ಈಗ ಹೆಬ್ಬೆರಳು ಮಾತ್ರ ಹೋಗುತ್ತಿತ್ತು. ಎದೆಯ ವಿಷಯವಂತೂ ಕೇಳುವುದೇ ಬೇಡ. ಕೂಸಿಗೆ ಎಡಗಡೆಯೇ ಬೇಕು, ಬಲಗಡೆ ಹಿಡಿಸಿದರೆ ಮೂತಿ ತಿರುಗಿಸುತ್ತಿತ್ತು. ಹಾಗಾಗಿ ಎಡದ್ದು ತುಂಬಿ ತುಳುಕಿದರೆ ಬಲದ್ದು ಮುನಿಸಿಕೊಂಡ ನಾದಿನಿಯಂತೆ ಒಂದು ಕಡೆ ಸುಮ್ಮನೆ ಕೂತಿತ್ತು. ಎರಡೂ ಸೇರಿ ನೆಲ ನೋಡುತ್ತಿದ್ದವು.

‘ರೀ, ನಾನು ಮೊದಲಿನ ಹಾಗೇ ಇದ್ದೀನಾ?’ ಎಂದು ಗಂಡನನ್ನು ಕೇಳಿದ್ದಳು ಒಂದು ಸಲ.

‘ಸೂಪರಾಗಿದ್ದೀಯ’ ಎಂದಿದ್ದ ಗಂಡ, ಗೊಂಬೆಯೊಂದರ ಉಗುರಿಗೆ ಬಣ್ಣ ಹಚ್ಚುತ್ತ. ತಲೆಯೆತ್ತಿರಲಿಲ್ಲ. ಅದು ತಲೆಯೆತ್ತುವ ಕೆಲಸವೂ ಅಲ್ಲ, ಕೈ ಅಲುಗಿದರೆ ಬೆರಳೆಲ್ಲ ಕೆಂಪು. ಆದರೆ ಅವಳಿಗೆ ಅನ್ನಿಸಿದ್ದು ಬೇರೆ. ಹಗಲೆಲ್ಲ ಈ ಮನುಷ್ಯನ ಕೈ ಹಳೆಯ ಅವಳ ಮೇಲೇ ಇರುತ್ತದೆ; ಉಜ್ಜುತ್ತಾನೆ, ಒರೆಸುತ್ತಾನೆ, ಭುಜಕ್ಕೆ ಕೈ ಜೋಡಿಸುತ್ತಾನೆ. ಇನ್ನು ಈ ಹೊಸ ಸರಕು ಕಣ್ಣಿಗೆ ಬಿದ್ದರೆ? ಅಂದಿನಿಂದ ದೊಡ್ಡದೊಂದು ಶಾಲು ಹೊದ್ದುಕೊಂಡಳು. ಶಾಲೆಂದರೆ ಅಂತಿಂಥ ಶಾಲಲ್ಲ, ಅದರಡಿ ಅತ್ತೆಯ ಶೆಡ್ಡನ್ನೇ ಬಚ್ಚಿಡಬಹುದಿತ್ತು. ಅತ್ತೆ ‘ಮೈಯೆಲ್ಲ ಸರಿಹೋಯ್ತೇನಮ್ಮ?’ ಎಂದು ಕೇಳಿದಾಗ ಅದೇ ಶಾಲಿನೊಳಗಿಂದ, ‘ಹೋಯ್ತು ಅತ್ತೆ, ಮೊದಲಿನ ಹಾಗೇ ಆಗಿದೆ’ ಎಂದುಬಿಟ್ಟಳು.

ಆ ಒಂದು ಸುಳ್ಳಿನಿಂದ ಎಲ್ಲ ಕೆಟ್ಟಿತು.

ಕೂಸು ಮೊದಲ ಸಲ ಕೇಕೆ ಹಾಕಿ ನಕ್ಕ ದಿನವೇ ಅಚ್ಚು ಒಡೆಯಿತು. ನಗಿಸಿದವನು ಗಂಡ. ಮಗಳನ್ನು ಒಂದು ತೋಳಿನಲ್ಲಿ, ಬೋಳು ತಲೆಯ ಗೊಂಬೆಯೊಂದನ್ನು ಇನ್ನೊಂದು ತೋಳಿನಲ್ಲಿ ಹಿಡಿದು ಶೆಡ್ಡಿನಲ್ಲಿ ಕುಣಿದ. ಗೊಂಬೆಯ ಮೊಣಕೈ ಹೋಗಿ ಹಲಗೆಯ ಮೇಲಿದ್ದ ಅಚ್ಚಿಗೆ ತಗುಲಿತು. ಮೂರು ಹೋಳು. ಆ ಸದ್ದಿಗೆ ಕೂಸು ಹೊಟ್ಟೆ ಹಿಡಿದು ನಕ್ಕಿತು. ಮನೆಯವರೆಲ್ಲ ಓಡಿ ಬಂದವರು ಕೂಸಿನ ನಗುವಿಗೆ ಕುಣಿಯಬೇಕೋ ಅಚ್ಚಿಗೆ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರು.

‘ಹಾಳಾದವನೇ! ಆ ಅಚ್ಚು ನಮ್ಮ ಅನ್ನ ಕಣೋ!’ ಎಂದಳು ಅತ್ತೆ.

‘ಅಮ್ಮ, ಅಚ್ಚು ಹೋದರೆ ಏನಾಯ್ತು? ಅಸಲಿ ಇಲ್ಲೇ ಇದ್ದಾಳಲ್ಲ’ ಎಂದು ಗಂಡ ಹೆಂಡತಿಯ ಕಡೆ ಕೈ ತೋರಿಸಿ ಹಲ್ಲು ಬಿಟ್ಟ. ‘ಇನ್ನೊಂದು ತೆಗೆದರಾಯ್ತು.’

ಅತ್ತೆಯ ಮುಖ ಅರಳಿತು. ‘ಹೌದಲ್ಲ. ಜವಳಿ ಅಂಗಡಿ ಮ್ಯಾನೇಜರ್ ಹಬ್ಬದ ಮಾರಾಟಕ್ಕೆ ಹೊಸ ಹುಡುಗಿಯರು ಬೇಕು ಅಂತ ಪ್ರಾಣ ತಿಂತಿದಾನೆ. ಅದೇ ಅಳತೆ ಬೇಕು, ಕೂದಲೆಳೆ ಆಚೀಚೆ ಆಗಬಾರದು ಅಂದಿದಾನೆ. ಬರೋ ವಾರ ತೆಗೆದುಬಿಡೋಣ. ಮೈ ಹೇಗೂ ಮೊದಲಿನ ಹಾಗೇ ಆಗಿದೆಯಲ್ಲ, ಏನಮ್ಮ?’

ಸೊಸೆ ಇಲ್ಲ ಎನ್ನುವಷ್ಟರಲ್ಲಿ ತಲೆ ತಾನಾಗಿಯೇ ಹೂಂ ಎಂದಿತು. ಅವಳ ತಲೆ ಅವಳಿಗೆ ಮಾಡಿದ ದ್ರೋಹಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದು.

ಅಲ್ಲಿಂದ ಅವಳಿಗೆ ಅನ್ನ ಸೇರಲಿಲ್ಲ. ಬರುವ ವಾರ ಪ್ಲಾಸ್ಟರ್ ಬಿಚ್ಚಿದರೆ ಈ ಹೊಟ್ಟೆ, ಈ ಎದೆ, ಈ ಏರುಪೇರು ಎಲ್ಲ ಗಟ್ಟಿಯಾಗಿ ಎದ್ದು ನಿಲ್ಲುತ್ತದೆ. ಶೆಡ್ಡಿನ ನಡುವೆ, ಎಲ್ಲರ ಕಣ್ಣೆದುರು, ಹಳೆಯ ಅವಳ ಪಕ್ಕದಲ್ಲೇ. ಅತ್ತೆ ಸುತ್ತ ಬಂದು ನೋಡುತ್ತಾಳೆ. ಗಂಡ ನೋಡುತ್ತಾನೆ. ಮ್ಯಾನೇಜರ್ ಬಂದು ಮೂಗು ಮುರಿಯುತ್ತಾನೆ.

ಎದುರು ಮನೆಯ ಮಹಡಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡವಳೊಬ್ಬಳಿದ್ದಳು. ಅವಳ ಬಾಯಿಂದ ಬಿದ್ದ ಮಾತು ನೆಲ ಮುಟ್ಟುವ ಮೊದಲೇ ಊರು ಸುತ್ತಿ ಬರುತ್ತಿತ್ತು. ಅವಳೇ ಹೇಳಿದ್ದು: ‘ಅಯ್ಯೋ ಮಾರಾಯ್ತಿ, ಕುಡಿಸ್ತಾ ಇದ್ದರೆ ಇನ್ನೂ ಜೋತು ಬೀಳುತ್ತೆ. ನನ್ನ ಚಿಕ್ಕಮ್ಮಂದು ಮಂಡಿಗೆ ಬಂದಿತ್ತು! ಇವತ್ತೇ ಬಾಟಲಿ ಶುರು ಮಾಡು. ಎದೆ ಬಿಗಿಯಾಗಿ ಕಟ್ಟಿಬಿಡು. ಹಾಲು ಬತ್ತುತ್ತೆ, ಆಕಾರ ತಾನಾಗೇ ಬರುತ್ತೆ.’

‘ಕೂಸಿಗೆ ಏನೂ ಆಗಲ್ವಾ?’

‘ಕೂಸಿಗೆ ಏನಾಗುತ್ತೆ? ಹೊಟ್ಟೆ ತುಂಬಿದರೆ ಸಾಕು ಅದಕ್ಕೆ. ನಿನ್ನ ಹೊಟ್ಟೆಪಾಡು ನೋಡ್ಕೋ.’

ಸೊಸೆ ಶೆಡ್ಡಿನಿಂದ ಪ್ಲಾಸ್ಟರಿಗೆ ಸುತ್ತುವ ಜಾಳಿ ಬಟ್ಟೆಯ ಉರುಳೆ ಒಂದನ್ನು ಶಾಲಿನಡಿ ತಂದಳು. ಉಸಿರು ಹಿಡಿದು ಎದೆಗೆ ಸುತ್ತಿದಳು, ಮತ್ತೆ ಸುತ್ತಿದಳು, ಗಂಟು ಹಾಕಿದಳು. ಸೀನು ಬಂದರೆ ಸೀನುವಂತಿರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಕೂಸಿನ ಬಾಯಿಗೆ ಬಾಟಲಿ ಇಟ್ಟಳು. ಕೂಸು ಬಾಟಲಿಯನ್ನು ನೋಡಿತು, ಅಮ್ಮನನ್ನು ನೋಡಿತು, ಆಮೇಲೆ ಎತ್ತಿದ ರಾಗಕ್ಕೆ ಮಹಡಿಯ ಪಾರ್ಲರಿನಲ್ಲಿ ಹುಬ್ಬು ತೀಡಿಸಿಕೊಳ್ಳುತ್ತಿದ್ದ ಹೆಂಗಸಿನ ಒಂದು ಹುಬ್ಬು ಪೂರ್ತಿ ಹೋಯಿತು. ಕೊನೆಗೆ ಹಸಿವು ತಾಳದೆ ಬಿಕ್ಕುತ್ತ ಬಿಕ್ಕುತ್ತ ಬಾಟಲಿ ಚೀಪಿತು. ಚೀಪುವಾಗಲೂ ಒಂದು ಕೈ ಅವಳ ಅಂಗಿಯ ಗುಂಡಿ ಹುಡುಕುತ್ತಿತ್ತು. ಸೊಸೆ ಆ ಕೈಯನ್ನು ಮೆಲ್ಲಗೆ ಬಿಡಿಸಿದಳು. ಮತ್ತೆ ಬಂತು. ಮತ್ತೆ ಬಿಡಿಸಿದಳು. ಗೋಡೆ ನೋಡುತ್ತ ಕೂತಳು.

ನಾಲ್ಕಾರು ದಿನ ಹೋಗಿರಬೇಕು. ಎಡಗಡೆ ಒಂದು ಗಂಟು ಕಾಣಿಸಿಕೊಂಡಿತು. ಮೊದಲು ಗೋಲಿಯಷ್ಟು, ಆಮೇಲೆ ಕಲ್ಲು. ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು, ಮೇಲೆ ಕೆಂಡದಂತೆ ಕೆಂಪು, ಹಿಂದೆಯೇ ಚಳಿಜ್ವರ. ಗಂಡ ಹಣೆ ಮುಟ್ಟಿ ನೋಡಿ, ಕೈ ಸುಟ್ಟವನಂತೆ ಹಾರಿ, ಅವಳನ್ನೂ ಕೂಸನ್ನೂ ಆಟೋದಲ್ಲಿ ತುಂಬಿಕೊಂಡು ದವಾಖಾನೆಗೆ ಓಡಿದ. ಒಳಗೆ ಹೋಗುವಾಗ ಅವಳು, ‘ನೀವು ಹೊರಗೇ ಇರಿ’ ಎಂದಳು.

ಡಾಕ್ಟರಮ್ಮ ಶಾಲು ತೆಗೆದು, ಅಂಗಿ ತೆಗೆದು, ಸುತ್ತಿದ ಬಟ್ಟೆ ನೋಡಿ ನಿಂತೇಬಿಟ್ಟಳು. ‘ಇದೇನು, ಎಲುಬು ಮುರಿದಿದೆಯಾ?’

‘ಇಲ್ಲ... ಹಾಲು ಬತ್ತಲಿ ಅಂತ.’

‘ಯಾಕೆ ಬತ್ತಬೇಕು?’

ಸೊಸೆ ಹೇಳಲಾರದೆ ಹೇಳಿದಳು. ಜೋತು ಬೀಳುವುದನ್ನು, ಚಿಕ್ಕಮ್ಮನ ಮಂಡಿಯನ್ನು.

‘ಆ ಚಿಕ್ಕಮ್ಮನ್ನ ಒಂದು ಸಲ ಕರ್ಕೊಂಡು ಬನ್ನಿ, ನೋಡಬೇಕು ನಾನು’ ಎಂದಳು ಡಾಕ್ಟರಮ್ಮ ಕತ್ತರಿ ತೆಗೆದು ಬಟ್ಟೆ ಕತ್ತರಿಸುತ್ತ. ‘ಕೇಳಿ ಇಲ್ಲಿ. ಆಕಾರ ಬದಲಾಗೋದು ಬಸುರಿಯಾದಾಗ. ವಯಸ್ಸಾದಾಗ. ನೀವು ಕುಡಿಸಿದರೂ ಅಷ್ಟೇ, ಕುಡಿಸದಿದ್ದರೂ ಅಷ್ಟೇ. ಹೀಗೆ ದಿಢೀರ್ ಅಂತ ನಿಲ್ಲಿಸಿ ಬಿಗಿದು ಕಟ್ಟಿದ್ದಕ್ಕೆ ಹಾಲು ಒಳಗೇ ಕಟ್ಟಿ ಬಾವು ಬಂದಿದೆ. ಮಾತ್ರೆ ಬರೆದು ಕೊಡ್ತೀನಿ. ತಣ್ಣಗಿನ ಬಟ್ಟೆ ಇಡಿ. ಮಗುಗೆ ಎದೆ ಕೊಡಿ.’

‘ಈ ನೋವಿರೋ ಕಡೆ ಕುಡಿಸಬಹುದಾ?’

‘ಕುಡಿಸಬೇಕು. ಮಗುಗೆ ಏನೂ ಆಗಲ್ಲ.’

‘ಹಾಲು ಕಮ್ಮಿಯಾಗಿದ್ದರೆ? ಮತ್ತೆ ಬರುತ್ತಾ?’

‘ಮಗು ಎಳೆದಷ್ಟೂ ಬರುತ್ತೆ. ಕುಡಿಸ್ತಾ ಹೋಗಿ, ಬರುತ್ತೆ.’

ಬರುತ್ತೆ ಎಂದಳೇ ಹೊರತು ಯಾವಾಗ ಎಂದು ಹೇಳಲಿಲ್ಲ. ಸೊಸೆ ಅಷ್ಟು ಮಾತುಗಳಲ್ಲಿ ಆ ಒಂದನ್ನೇ ಸೆರಗಿಗೆ ಕಟ್ಟಿಕೊಂಡು ಬಂದಳು. ಜ್ವರ ಇಳಿಯಿತು, ಕಲ್ಲು ಕರಗಿತು. ಆದರೆ ಎದೆ ಹತ್ತಿಯ ಚೀಲದಂತೆ ಮೆತ್ತಗಾಗಿಬಿಟ್ಟಿತು. ಮೊದಲಾದರೆ ಅಂಗಿಯೆಲ್ಲ ನೆನೆದು ಹೋಗುತ್ತಿತ್ತು. ಈಗ ಒಂದು ಹನಿಯ ಗುರುತೂ ಇಲ್ಲ. ಕೂಸು ಬಾಯಿ ಹಾಕಿ, ಸ್ವಲ್ಪ ಹೊತ್ತು ಎಳೆದು, ಬಿಟ್ಟು, ಕಿರುಚಿ, ಮತ್ತೆ ಬಾಯಿ ಹಾಕುತ್ತಿತ್ತು. ಪ್ರತಿ ಸಲ ಅದು ಬಾಯಿ ಬಿಟ್ಟಾಗಲೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಮೊದಲು ಮೈ ಹೋಯಿತೆಂದು ಅಳುತ್ತಿದ್ದವಳು ಈಗ ಹಾಲು ಹೋಯಿತೆಂದು ಅಳತೊಡಗಿದಳು. ಕೈಯಾರೆ ಬತ್ತಿಸಿದೆನಲ್ಲ, ಜಾಳಿ ಬಟ್ಟೆ ಸುತ್ತಿ ಸುತ್ತಿ ಮಗಳ ಊಟ ಕಟ್ಟಿಹಾಕಿದೆನಲ್ಲ ಎಂದು ಒಳಗೇ ಕುದಿಯುತ್ತಿದ್ದಳು. ಯಾರ ಹತ್ತಿರವೂ ಹೇಳುವಂತಿಲ್ಲ. ಮನೆಯವರಿಗೆ ಗೊತ್ತಿದ್ದದ್ದು ‘ಬಾಣಂತಿಗೆ ಜ್ವರ ಬಂದಿತ್ತು, ಹೋಯಿತು’ ಎಂದಷ್ಟೇ.

ಅಚ್ಚು ತೆಗೆಯುವ ದಿನ ಬಂದೇ ಬಂತು.

ಬೆಳಗಿನ ತಿಂಡಿ ಆದ ಮೇಲೆ ಅತ್ತೆ ಒಳಕೋಣೆಗೆ ಹಳೆ ಚಾಪೆ ಹಾಸಿದಳು. ನಡುವೆ ಮರದ ಚೌಕಟ್ಟು, ಕೈ ಊರಿ ನಿಲ್ಲುವುದಕ್ಕೆ. ಸಹಾಯಕ್ಕೆ ನಾದಿನಿ, ಕಾಲೇಜಿಗೆ ಚಕ್ಕರ್ ಹೊಡೆಯಲು ಇಷ್ಟು ಒಳ್ಳೆಯ ಕಾರಣ ಸಿಕ್ಕಿದ್ದಕ್ಕೆ ನೆಲಕ್ಕೆ ಕಾಲೂರದೆ ಓಡಾಡುತ್ತಿದ್ದಳು. ಗಂಡ ಬಾಗಿಲ ಹೊರಗೆ ಪುಡಿ ಕಲಸಿ ಕೊಡಬೇಕು, ಕೂಸನ್ನೂ ನೋಡಿಕೊಳ್ಳಬೇಕು. ಅಷ್ಟು ಹೊತ್ತಿಗೆ ಸೊಸೆ ಕೂಸಿಗೆ ಎರಡೂ ಕಡೆ ಹಿಡಿಸಿ ನೋಡಿದ್ದಳು. ಅದು ಬಾಯಿ ಬಿಟ್ಟು ಕಿರುಚಿತ್ತು. ಖಾಲಿ, ಎಂದುಕೊಂಡು ಅದನ್ನು ಗಂಡನ ಕೈಗೆ ಕೊಟ್ಟು ಒಳಗೆ ಬಂದಿದ್ದಳು.

‘ಒಂದು ಮಾತು, ಅವರು ಬಾಗಿಲು ಸಂದಿಯಲ್ಲಿ ನೋಡಬಾರದು’ ಎಂದಳು.

‘ನಾನು ಕಣ್ಣು ಮುಚ್ಚಿಕೊಂಡೇ ಬಕೆಟ್ ಕೊಡ್ತೀನಿ!’ ಎಂದ ಹೊರಗಿನಿಂದ ಗಂಡ.

‘ನಿನ್ನ ಹೆಂಡತಿ ಕಣೋ, ಕಣ್ಣು ಯಾಕೆ ಮುಚ್ಚಬೇಕು? ಮುಚ್ಚಿಕೊಂಡು ನನ್ನ ತಲೆ ಮೇಲೆ ಸುರೀತೀಯ’ ಎಂದಳು ಅತ್ತೆ. ‘ಹೂಂ, ತೆಗಿಯಮ್ಮ ಶಾಲು.’

ಸೊಸೆ ಶಾಲು ತೆಗೆದಳು. ಅಂಗಿ ತೆಗೆದಳು.

ಅತ್ತೆಯ ಕಣ್ಣು ಟೇಪಿಗಿಂತ ನಿಖರ. ದೂರದ ಬೀದಿಯಲ್ಲಿ ಹೋಗುವ ಹೆಂಗಸಿನ ಸೊಂಟದ ಸುತ್ತಳತೆ ಹೇಳಿ, ಅವಳ ದರ್ಜಿಯನ್ನೇ ನಾಚಿಸುವಷ್ಟು. ಆ ಕಣ್ಣು ಕತ್ತಿನಿಂದ ಇಳಿಯಿತು, ಎದೆಯ ಮೇಲೆ ನಿಂತಿತು, ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಹೊಟ್ಟೆಗೆ ಇಳಿದು ಅಲ್ಲೊಂದಿಷ್ಟು ಹೊತ್ತು ಕೂತಿತು. ಸೊಸೆ ಚೌಕಟ್ಟು ಹಿಡಿದುಕೊಂಡಳು. ಬೈದಿದ್ದರೆ ಸುಲಭವಿತ್ತು. ಅತ್ತೆ ಬೈಯಲಿಲ್ಲ.

‘ವ್ಯಾಸಲೀನ್ ಇನ್ನೊಂದು ಡಬ್ಬಿ ತಾ’ ಎಂದಳು ಮಗಳಿಗೆ. ಅಷ್ಟೇ.

ಪ್ಲಾಸ್ಟರ್ ಚರ್ಮಕ್ಕೆ ಅಂಟದ ಹಾಗೆ ಮೈಗೆಲ್ಲ ಅದನ್ನು ಸವರಿ, ಜಾಳಿ ಬಟ್ಟೆಯ ತುಂಡುಗಳನ್ನು ಪ್ಲಾಸ್ಟರಿನಲ್ಲಿ ಅದ್ದಿ ಅದ್ದಿ ಮೊದಲು ಬೆನ್ನಿಗೆ, ಆಮೇಲೆ ಹೊಟ್ಟೆಗೆ, ಕೊನೆಗೆ ಎದೆಗೆ ಮೆತ್ತಿದರು. ಪ್ಲಾಸ್ಟರ್ ಮೊದಲು ತಣ್ಣಗೆ ಕೊರೆಯುತ್ತದೆ. ಆಮೇಲೆ ಗಟ್ಟಿಯಾಗುತ್ತ ಬೆಚ್ಚಗಾಗುತ್ತದೆ. ಬೆಚ್ಚಗಾಯಿತೆಂದರೆ ಕೆಲಸ ಮುಗಿದ ಹಾಗೆ, ಒಂದು ಲೋಟ ಟೀ ಕುಡಿದು ಬರುವುದರೊಳಗೆ ಬಿಚ್ಚಬಹುದು. ಸೊಸೆಗೆ ಬೆನ್ನು ಬೆಚ್ಚಗಾಯಿತು. ಹೊಟ್ಟೆ ಬೆಚ್ಚಗಾಯಿತು. ಅತ್ತೆ ಗೆಣ್ಣಿನಿಂದ ಬಡಿದು ನೋಡಿದಳು, ಟಕ್ ಟಕ್ ಎಂದಿತು.

ಅಷ್ಟರಲ್ಲಿ ಹೊರಗೆ ಕೂಸು ಅತ್ತಿತು.

‘ಏ ಪುಟಾಣಿ, ನೋಡಿಲ್ಲಿ, ಕೈ ನೋಡು, ಕೈ!’ ಗಂಡ ಗೊಂಬೆಯ ಕೈಯೊಂದನ್ನು ಆಡಿಸುತ್ತಿದ್ದಿರಬೇಕು. ಕೂಸು ಇನ್ನೂ ಜೋರು ಮಾಡಿತು. ಹಸಿದ ಅಳು. ಸೊಸೆ ಅಲುಗುವಂತಿಲ್ಲ, ಅಲುಗಿದರೆ ಅಚ್ಚು ಸೀಳುತ್ತದೆ. ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು. ಎದೆಯೊಳಗೆಲ್ಲೋ ಸಣ್ಣ ಸೂಜಿಗಳು ಓಡಿದಂತೆ ಜುಮ್ಮೆಂದಿತು. ಪ್ಲಾಸ್ಟರಿನ ಕಾಟ ಎಂದುಕೊಂಡಳು.

ಅತ್ತೆ ಎದೆಯ ಭಾಗ ಬಡಿದಳು. ಪಚಕ್ ಎಂದಿತು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಡಿದಳು. ಪಚಕ್.

‘ಇದ್ಯಾಕೆ ಸೆಟ್ ಆಗಲಿಲ್ಲ? ಲೋ! ಯಾವ ಕಾಲದ ಪುಡಿ ತಂದಿದ್ದೀಯೋ?’

‘ಹೊಸ ಚೀಲ ಅಮ್ಮ! ನಿನ್ನೆ ಬಂದಿದ್ದು!’

‘ಹೊಸದಾಗಿದ್ದರೆ ಹೊಟ್ಟೆ ಕಲ್ಲಾಗಿ ಎದೆ ಮೊಸರಾಗ್ತಿತ್ತಾ? ನೀರು ಜಾಸ್ತಿ ಮಾಡಿದೀಯ. ಗಟ್ಟಿಯಾಗಿ ಕಲಸಿ ಕೊಡು.’

ಗಂಡ ಗಟ್ಟಿಯಾಗಿ ಕಲಸಿ ಕೊಟ್ಟ. ಅತ್ತೆ ಮೇಲೊಂದು ಪದರ ಮೆತ್ತಿದಳು. ಅದು ಮೆಲ್ಲಗೆ ಜಾರಿ ಹೊಟ್ಟೆಯ ಮೇಲೆ ಬಂದು ಕೂತಿತು. ಮತ್ತೊಂದು ಮೆತ್ತಿದಳು, ಅದೂ ಜಾರಿತು. ಚೀಲ ಖಾಲಿಯಾಯಿತು. ಅತ್ತೆ ಪುಡಿಯವನನ್ನು ಬೈದಳು, ಮೋಡವನ್ನು ಬೈದಳು, ನಲ್ಲಿಯ ನೀರನ್ನು ಬೈದಳು, ಪ್ಲಾಸ್ಟರ್ ಕಂಡುಹಿಡಿದವನ ತಾಯಿಯನ್ನೂ ಬಿಡಲಿಲ್ಲ. ನಾದಿನಿ ಬೀಸಣಿಗೆ ಹಾಕಿದಳು, ಕೂದಲು ಒಣಗಿಸುವ ಯಂತ್ರ ತಂದು ಬಿಸಿಗಾಳಿ ಊದಿದಳು.

‘ಅತ್ತಿಗೆ, ನೀವೇನಾದರೂ ಬೆವರ್ತಿದ್ದೀರಾ?’

‘ಇಲ್ಲಮ್ಮ.’

‘ಅಮ್ಮ, ಒಳಗಿಂದ ಏನೋ ಇಳೀತಾ ಇದೆ ನೋಡು.’

ಗಟ್ಟಿಯಾದ ಹೊಟ್ಟೆಯ ಮೇಲೆ ಒಂದು ಬಿಳಿ ಗೆರೆ ಹರಿದು ಬರುತ್ತಿತ್ತು. ಪ್ಲಾಸ್ಟರಿಗಿಂತ ತೆಳು. ಅತ್ತೆ ಬೆರಳಿಗೆ ತಾಗಿಸಿಕೊಂಡಳು, ಮೂಸಿದಳು, ಆಮೇಲೆ ಯಾರೂ ಊಹಿಸದಂತೆ ನಾಲಿಗೆಯ ತುದಿಗೆ ಇಟ್ಟುಕೊಂಡಳು. ಅವಳ ಮುಖದಲ್ಲಿ ಕೋಪ ಬಂತು, ಹೋಯಿತು, ಮತ್ತೇನೋ ಬಂತು.

‘ಹಾಲು’ ಎಂದಳು.

‘ಏನಂದ್ರಿ?’

‘ಹಾಲು ಕಣೇ! ನಮ್ಮ ಮಾವ ಪ್ಲಾಸ್ಟರ್ ಬೇಗ ಗಟ್ಟಿಯಾಗಬಾರದು ಅಂದರೆ ಒಂದು ಚಮಚ ಹಾಲು ಹಾಕೋರು. ನೀನು ಡೈರಿಯನ್ನೇ ಸುರಿದಿದ್ದೀಯ! ಇನ್ನು ಮೂರು ತಿಂಗಳಾದರೂ ಇದು ಗಟ್ಟಿಯಾಗಲ್ಲ.’

‘ನಿಜವಾಗ್ಲೂ ಹಾಲಾ ಅತ್ತೆ? ಇನ್ನೊಂದು ಸಲ ನೋಡಿ.’

‘ಮತ್ತೆ ನೆಕ್ಕಬೇಕಾ ನಾನು?’

‘ಬತ್ತಿ ಹೋಗಿದೆ ಅಂದುಕೊಂಡಿದ್ದೆ’ ಎಂದಳು ಸೊಸೆ, ಅಲುಗಬಾರದೆನ್ನುವುದನ್ನೂ ಮರೆತು ಅಳುತ್ತ. ಬೆನ್ನಿನ ಅಚ್ಚು ಚಟ್ ಎಂದು ಸೀಳಿತು. ಅವಳ ಬಾಯಿ ಬಿಚ್ಚಿದ್ದೂ ಆಗಲೇ. ಬಟ್ಟೆ ಕಟ್ಟಿದ್ದು, ಬಾಟಲಿ, ಗಂಟು, ಪಾರ್ಲರಿನವಳು, ಎಲ್ಲ ಬಂತು. ‘ಮೊದಲಿನ ಹಾಗೆ ಆಗಿಲ್ಲ ಅತ್ತೆ. ಸುಳ್ಳು ಹೇಳಿದೆ. ನೀವು ನೋಡಿದಿರಲ್ಲ.’

‘ನೋಡದೆ ಏನು? ಶಾಲಿನ ಮೇಲಿಂದಲೇ ಗೊತ್ತಾಗಿತ್ತು.’

‘ಮತ್ತೆ ಯಾಕೆ ಸುಮ್ಮನಿದ್ದಿರಿ?’

ಅತ್ತೆ ಕೈಯ ಪ್ಲಾಸ್ಟರ್ ಒರೆಸಿಕೊಂಡಳು. ‘ಆರ್ಡರ್ ಒಪ್ಪಿಕೊಂಡಾಗಿತ್ತು. ತೆಗೆದ ಮೇಲೆ ಉಜ್ಜಿ ತಿದ್ದೋಣ ಅಂದ್ಕೊಂಡೆ.’ ಆಮೇಲೆ ದನಿ ತಗ್ಗಿಸಿ ಹೇಳಿದಳು. ‘ನೋಡಮ್ಮ, ಹೇಗೂ ಬಾಟಲಿ ಅಭ್ಯಾಸ ಮಾಡಿಸಿದ್ದೀಯ. ಇನ್ನೊಂದು ಸ್ವಲ್ಪ ದಿನ ಬಾಟಲೀಲೇ ನಡೆಸು. ಈ ಸಲ ಬಿಗಿದು ಕಟ್ಟೋದು ಬೇಡ, ಮೆಲ್ಲಗೆ ಬಿಡಿಸು. ಹಾಲು ನಿಂತ ಮೇಲೆ ಒಂದೇ ಏಟಿಗೆ ಅಚ್ಚು ತೆಗೆದುಬಿಡೋಣ. ಮ್ಯಾನೇಜರ್ ಹತ್ತಿರ ನಾನು ಮಾತಾಡ್ತೀನಿ.’

ನಾದಿನಿ ಬೀಸಣಿಗೆ ನಿಲ್ಲಿಸಿದಳು. ಹೊರಗೆ ಕೂಸಿನ ಅಳು ಕಿರುಚಾಟಕ್ಕೆ ತಿರುಗಿತ್ತು.

ಇಷ್ಟು ದಿನ ಅವಳಿಗೆ ಬೇಕಾಗಿದ್ದೂ ಇದೇ ಅಲ್ಲವೇ? ಈಗ ಮನೆಯ ಯಜಮಾನಿಯೇ ತಟ್ಟೆಯಲ್ಲಿಟ್ಟು ಕೊಡುತ್ತಿದ್ದಾಳೆ. ಸೊಸೆ ಬಗ್ಗಿ ನೋಡಿದಳು. ಹೊಟ್ಟೆಗೆ ಕಲ್ಲಿನ ಕವಚ, ಅದರ ಮೇಲೆ ಕೆಸರು, ಕೆಸರಿನ ನಡುವೆ ಹಠ ಹಿಡಿದು ಹರಿಯುತ್ತಿರುವ ಎರಡು ಗೆರೆ. ಹೌದು, ಎರಡು. ಬಲಗಡೆಯದೂ.

‘ಇಲ್ಲ ಅತ್ತೆ’ ಎಂದಳು. ‘ಬಿಡಿಸಲ್ಲ.’

‘ಆರ್ಡರ್?’

‘ಗೊತ್ತಿಲ್ಲ. ಬಿಸಿನೀರು ಕೊಡಿ, ಇದನ್ನ ತೊಳೀಬೇಕು. ಕೂಸು ಅಳ್ತಿದೆ.’

ಅತ್ತೆಗೆ ಎದುರು ಮಾತಾಡಿ ಆ ಮನೆಯಲ್ಲಿ ಬದುಕಿ ಉಳಿದದ್ದು ಹಗಲೆಲ್ಲ ಗೊಣಗುವ ಅವಳ ಹೊಲಿಗೆ ಯಂತ್ರ ಒಂದೇ. ಅತ್ತೆ ಸೊಸೆಯನ್ನು ದುರುಗುಟ್ಟಿ ನೋಡಿದಳು. ಸೊಸೆ ಕಣ್ಣು ಇಳಿಸಲಿಲ್ಲ. ಕೊನೆಗೆ ಅತ್ತೆಯೇ ಮಗಳ ಕಡೆ ತಿರುಗಿ, ‘ಬಾಯಿ ಬಿಟ್ಕೊಂಡು ಏನು ನೋಡ್ತೀಯ? ನೀರು ತಾ’ ಎಂದಳು. ನೀರು ಬಂತು. ಬಟ್ಟೆ ಅದ್ದಿ, ಕೂಸಿನ ಬಾಯಿಗೆ ಪುಡಿ ಹೋಗಬಾರದೆಂದು ಸಂದುಗೊಂದೆಲ್ಲ ಸ್ವಚ್ಛವಾಗಿ ಒರೆಸಿದಳು. ಒರೆಸುವ ಕೈ ಒರಟಾಗಿತ್ತು. ಬೈಗುಳವೂ ನಡೆದೇ ಇತ್ತು: ‘ಹೇಳಬಾರದಾ ಬಾಯಿ ಬಿಟ್ಟು... ಜ್ವರ ತರಿಸ್ಕೊಂಡು... ಆ ಪಾರ್ಲರಿನವಳ ಹುಬ್ಬು ನಾನೇ ಕೀಳ್ತೀನಿ...’

‘ರೀ, ತನ್ನಿ ಇವಳನ್ನ!’ ಎಂದು ಸೊಸೆ ಕೂಗಿದಳು.

ಗಂಡ ಮಗಳನ್ನು ಎತ್ತಿಕೊಂಡು, ಹೇಳಿದ ಮಾತಿಗೆ ತಪ್ಪದೆ ಕಣ್ಣು ಮುಚ್ಚಿಕೊಂಡು ಒಳಗೆ ಬಂದ. ಬಾಗಿಲಿಗೆ ಭುಜ ತಗುಲಿತು, ಬಕೆಟ್ಟಿಗೆ ಕಾಲು ತಗುಲಿತು.

‘ಕಣ್ಣು ಬಿಡಿ, ಕೂಸನ್ನ ಬೀಳಿಸ್ತೀರ.’

ಬಿಟ್ಟ. ನೋಡಿದ. ನೋಡುತ್ತ ನಿಂತ. ಅವಳಿಗೆ ಶಾಲು ಎಳೆದುಕೊಳ್ಳಬೇಕೆನ್ನಿಸಿತು. ಶಾಲು ಕೋಣೆಯ ಆ ಮೂಲೆಯಲ್ಲಿತ್ತು, ಕೂಸು ಆಗಲೇ ಕೈ ಚಾಚಿತ್ತು.

‘ಏನಾದ್ರೂ ಹೇಳಿ’ ಎಂದಳು.

‘ಅಲ್ಲ... ಹೊಟ್ಟೆ ಅಚ್ಚು ಚೆನ್ನಾಗಿ ಬಂದಿದೆ. ಒಂದು ಗುಳ್ಳೆ ಕೂಡ ಎದ್ದಿಲ್ಲ’ ಎಂದ ಗಂಡ. ಆಮೇಲೆ ತಲೆ ಕೆರೆದುಕೊಂಡು, ‘ನೀನು ಇಷ್ಟು ದಿನ ಬಚ್ಚಿಟ್ಟಿದ್ದು ಇದನ್ನಾ? ನಾನು ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ’ ಎಂದ.

ಅದು ಹೊಗಳಿಕೆಯೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. ಯೋಚಿಸಲು ಪುರುಸೊತ್ತೂ ಇರಲಿಲ್ಲ. ಕೂಸು ಎಡಗಡೆಗೆ ಬಾಯಿ ಹಾಕಿತ್ತು. ಅಂದು ಅದು ನುಂಗಿದ ಸದ್ದು ಎಂಥದ್ದೆಂದರೆ, ಮಹಡಿಯ ಪಾರ್ಲರಿನವಳು ನಲ್ಲಿಯಲ್ಲಿ ನೀರು ಬಂತೆಂದು ಕೊಡ ಹಿಡಿದು ಇಳಿದು ಬಂದಳಂತೆ. ಗುಟುಕ್, ಗುಟುಕ್. ಸೊಸೆ ಒಂದೊಂದನ್ನೂ ಕಿವಿಯಿಟ್ಟು ಕೇಳಿದಳು. ಮುಂದಿನದು ಬರುತ್ತದೋ ಇಲ್ಲವೋ ಎಂದು ಪ್ರತಿ ಗುಟುಕಿನ ನಂತರ ಉಸಿರು ಹಿಡಿದಳು. ಬಂತು. ಮತ್ತೆ ಬಂತು.

ಅಷ್ಟರಲ್ಲಿ ಅತ್ತೆಯ ಫೋನು ಬಡಿದುಕೊಂಡಿತು. ನಾದಿನಿ ಎತ್ತಿ ನೋಡಿ, ‘ಮ್ಯಾನೇಜರ್’ ಎಂದಳು.

ಅತ್ತೆ ಕೈ ಚಾಚಿದಳು, ಮತ್ತೆ ಏನು ತೋರಿತೋ, ಹಿಂದಕ್ಕೆ ತೆಗೆದುಕೊಂಡಳು. ‘ಅವಳಿಗೇ ಕೊಡು. ಅವಳದೇ ಮೈ, ಅವಳೇ ಹೇಳಲಿ.’

ನಾದಿನಿ ಫೋನನ್ನು ಅತ್ತಿಗೆಯ ಕಿವಿಗೆ ಒತ್ತಿದಳು.

‘ಹಲೋ, ಹುಡುಗಿಯರು ಯಾವಾಗ ಬರ್ತಾರೆ?’

‘ಸಾರ್, ನಾನು... ನಿಮ್ಮ ಅಂಗಡೀಲಿ ನಿಂತಿದ್ದೀನಲ್ಲ, ಅವಳು.’

ಇಷ್ಟು ವರ್ಷ ಆ ಮನುಷ್ಯ ಅವಳಿಗೆ ಎಷ್ಟು ಉಡುಪು ತೊಡಿಸಿದ್ದನೋ, ಬಿಚ್ಚಿದ್ದನೋ. ಎಲ್ಲ ಒಟ್ಟಿಗೆ ನೆನಪಾಗಿರಬೇಕು. ‘ನಮಸ್ಕಾರ ಮೇಡಂ’ ಎಂದ, ದನಿ ಕೀರಲಾಗಿತ್ತು.

‘ಹಳೇ ಅಚ್ಚು ಒಡೆದುಹೋಗಿದೆ ಸಾರ್. ಈಗ ನನ್ನ ಅಳತೆ ಬೇರೆ. ಹೊಟ್ಟೆ ಬೇರೆ, ಎದೆ ಬೇರೆ. ಮಗುಗೆ ಕುಡಿಸ್ತಾ ಇದ್ದೀನಿ. ಅದು ಬಿಡೋವರೆಗೆ ಅಚ್ಚು ತೆಗೆಯೋಕಾಗಲ್ಲ. ತೆಗೆದ ಮೇಲೂ ಹಳೇ ಹುಡುಗಿ ಬರಲ್ಲ.’

‘ಅಯ್ಯೋ ಮೇಡಂ, ಮಾಲೀಕರು ಅದೇ ಅಳತೆ ಅಂದಿದಾರೆ... ಕೇಳಿ ನೋಡ್ತೀನಿ. ಈಗಲೇ ಮತ್ತೆ ಮಾಡ್ತೀನಿ.’ ಫೋನು ಕಟ್ಟಾಯಿತು.

ಕೋಣೆಯ ತುಂಬ ಕೂಸಿನ ಗುಟುಕು ಮಾತ್ರ. ಅತ್ತೆ ಖಾಲಿ ಚೀಲವನ್ನು ಮಡಿಚತೊಡಗಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಸೊಸೆ ಆ ಚೀಲವನ್ನೇ ನೋಡಿದಳು. ಆರ್ಡರ್ ಹೋದರೆ ಮನೆ ನಡೆಯುವುದು ಹೇಗೆ? ಅತ್ತೆ ಜೀವಮಾನವಿಡೀ ಇದನ್ನು ಎತ್ತಿ ಆಡಿದರೆ? ಗಂಡ ನಾಳೆ ಉಗುರಿಗೆ ಬಣ್ಣ ಹಚ್ಚುವಾಗ ಮನಸ್ಸಿನಲ್ಲೇ ಹೋಲಿಸಿ ನೋಡಿದರೆ? ಹೆದರಿಕೆ ಒಂದೂ ಎದ್ದು ಹೋಗಿರಲಿಲ್ಲ, ಎಲ್ಲ ಅಲ್ಲಲ್ಲೇ ಕೂತಿದ್ದವು. ಕೂಸು ಬಾಯಿ ಬಿಟ್ಟು, ತುಟಿಯ ಅಂಚಿನಲ್ಲಿ ಹಾಲಿಟ್ಟುಕೊಂಡು, ಅವಳನ್ನೇ ನೋಡಿತು.

ಫೋನು ಮತ್ತೆ ಬಡಿದುಕೊಂಡಿತು. ಎಲ್ಲರೂ ಅವಳ ಕಡೆ ತಿರುಗಿದರು.

‘ಒಂಚೂರು ತಡೀರಿ’ ಎಂದಳು ಸೊಸೆ, ಕೂಸನ್ನು ಬಲಗಡೆಗೆ ತಿರುಗಿಸಿಕೊಳ್ಳುತ್ತ. ‘ಈ ಕಡೇನೂ ಕುಡಿಯುತ್ತೇನೋ ನೋಡ್ತೀನಿ.’